ಇಂಡಿಕಾರ್ ಅಮೆರಿಕದ ಟಿವಿಯಿಂದ ಮರೆಯಾದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮುಲಾ ಒನ್ ನೋಡಿ ಅಭ್ಯಾಸವಾದ ಗೆಳೆಯರು ಇಂಡಿಯಾನಾಪೊಲಿಸ್ 500 ರೇಸಿನ ಹೆಸರು ಕೇಳಿರುತ್ತಾರೆ. ಅದು ಯಾವ ಸರಣಿಯ ರೇಸ್ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ತಪ್ಪು ಅವರದಲ್ಲ, ಅಮೆರಿಕದಲ್ಲಿಯೂ ಎಷ್ಟೋ ಜನರ ಸ್ಥಿತಿ ಇದೇ. ಹಲವು ವರ್ಷಗಳಿಂದ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಕಡೆ ಉತ್ತರಕ್ಕಿಂತ ಸಿಟ್ಟು ಹೆಚ್ಚಾಗಿದ್ದರೆ ಕ್ಷಮಿಸಿ.

ಓಪನ್ ವೀಲ್ ರೇಸ್ ಎಂದರೆ ಯಾವುದು?

ಚಕ್ರಗಳ ಮೇಲೆ ಮಡ್‌ಗಾರ್ಡ್ ಇಲ್ಲದ, ನಾಲ್ಕೂ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ, ಒಬ್ಬರೇ ಕೂರುವ ಕಾರುಗಳ ರೇಸ್. ಫಾರ್ಮುಲಾ ಒನ್ ಕೂಡ ಇದೇ ಜಾತಿಯದು. ಅಮೆರಿಕದಲ್ಲಿ ಈ ಜಾತಿಯ ಹಿರಿಯ ಸರಣಿಯನ್ನು ಈಗ ಇಂಡಿಕಾರ್ ಎನ್ನುತ್ತಾರೆ. ಇಂಡಿಯಾನಾಪೊಲಿಸ್ 500, ಚುಟುಕಾಗಿ ಇಂಡಿ 500, ಈ ಸರಣಿಯದೇ ರೇಸ್. ನಾಸ್ಕಾರ್ ಬೇರೆ. ಅಲ್ಲಿ ಓಡುವುದು ಮೇಲ್ನೋಟಕ್ಕೆ ರಸ್ತೆಯ ಕಾರುಗಳಂತೆ ಕಾಣುವ, ಚಕ್ರ ಮುಚ್ಚಿದ, ಭಾರವಾದ ಗಾಡಿಗಳು. ಈ ಎರಡರ ವ್ಯತ್ಯಾಸ ತಿಳಿದಿದ್ದರೆ ಮುಂದಿನ ಕಥೆ ಸುಲಭ.

ಇಂಡಿ 500 ಅಷ್ಟು ದೊಡ್ಡದಾಗಿದ್ದರೆ ಮೊದಲಿನಿಂದಲೂ ಟಿವಿಯಲ್ಲಿ ಬರುತ್ತಿತ್ತಲ್ಲವೇ?

ಇಲ್ಲ. ಟಿವಿಯನ್ನು ಕಂಡರೆ ಆ ಟ್ರ್ಯಾಕಿನವರಿಗೆ ಮೊದಲಿನಿಂದಲೂ ಅನುಮಾನ. ರೇಸ್ ಆರಂಭವಾದದ್ದು 1911ರಲ್ಲಿ. ಎರಡೂವರೆ ಮೈಲಿಯ ಓವಲ್ ಟ್ರ್ಯಾಕಿನಲ್ಲಿ 200 ಸುತ್ತು, ಒಟ್ಟು 500 ಮೈಲಿ. 1949 ಮತ್ತು 1950ರಲ್ಲಿ ಇಂಡಿಯಾನಾಪೊಲಿಸ್ ನಗರದ ಒಂದು ವಾಹಿನಿ ರೇಸನ್ನು ನೇರ ಪ್ರಸಾರ ಮಾಡಿತು. ಮನೆಯಲ್ಲೇ ನೋಡಲು ಸಿಕ್ಕಿದರೆ ಟಿಕೆಟ್ ಕೊಳ್ಳುವವರು ಯಾರು ಎಂಬ ಭಯದಿಂದ ಅದನ್ನು ಅಲ್ಲಿಗೇ ನಿಲ್ಲಿಸಿದರು.

ಆಮೇಲೆ ಜನರಿಗೆ ರೇಡಿಯೊವೇ ಗತಿ. 1964ರಿಂದ 1970ರವರೆಗೆ ದೇಶದ ಹಲವೆಡೆ ಚಿತ್ರಮಂದಿರಗಳಲ್ಲಿ ಹಣ ಕೊಟ್ಟು ನೇರವಾಗಿ ನೋಡುವ ವ್ಯವಸ್ಥೆ ಇತ್ತು. 1965ರಿಂದ ಎಬಿಸಿ ವಾಹಿನಿ ರೇಸಿನ ಆಯ್ದ ಭಾಗಗಳನ್ನು ತೋರಿಸತೊಡಗಿತು. 1971ರಿಂದ ಅದೇ ದಿನ ಸಂಜೆ, ಕತ್ತರಿಸಿ ಜೋಡಿಸಿದ ಪ್ರಸಾರ. ಆರಂಭದಿಂದ ಕೊನೆಯವರೆಗೆ ರಾಷ್ಟ್ರವ್ಯಾಪಿ ನೇರ ಪ್ರಸಾರ ಬಂದದ್ದು 1986ರಲ್ಲಿ. ಅದಾಗಲೇ ರೇಸಿಗೆ 75 ವರ್ಷ ತುಂಬಿತ್ತು! ಆ ವರ್ಷ ಭಾನುವಾರವೂ ಸೋಮವಾರವೂ ಮಳೆ ಸುರಿದು, ರೇಸ್ ಮುಂದಿನ ಶನಿವಾರಕ್ಕೆ ಹೋಯಿತು. ಕಾದವರಿಗೆ ಮೋಸವಾಗಲಿಲ್ಲ. ಎರಡು ಸುತ್ತು ಬಾಕಿ ಇದ್ದಾಗ ಬಾಬಿ ರೇಹಲ್ ಮುನ್ನುಗ್ಗಿ ಗೆದ್ದರು.

ಸಂಜೆ ತೋರಿಸಿದರೆ ನಷ್ಟವೇನು? ಫಲಿತಾಂಶ ಒಂದೇ ಅಲ್ಲವೇ?

1981ರಲ್ಲಿ ಅದೂ ಒಂದೇ ಆಗಿರಲಿಲ್ಲ. ಭಾನುವಾರ ರಾತ್ರಿ ಟಿವಿ ನೋಡಿ ಮಲಗಿದವರ ಲೆಕ್ಕದಲ್ಲಿ ಗೆದ್ದವರು ಬಾಬಿ ಅನ್ಸರ್. ಸೋಮವಾರ ಬೆಳಿಗ್ಗೆ ಎದ್ದಾಗ ಅವರಿಗೆ ದಂಡ ಬಿದ್ದು, ಮಾರಿಯೋ ಆಂಡ್ರೆಟ್ಟಿ ವಿಜೇತರಾಗಿದ್ದರು. ಅಕ್ಟೋಬರಿನಲ್ಲಿ ಮೇಲ್ಮನವಿಯ ತೀರ್ಪು ಬಂದು ಗೆಲುವು ಮತ್ತೆ ಅನ್ಸರ್ ಪಾಲಾಯಿತು. ಇದು ತಮಾಷೆಯ ಮಾತಾಯಿತು. ನಿಜವಾದ ನಷ್ಟ ಬೇರೆ: ಬೇರೆ ಆಟಗಳು ಎಪ್ಪತ್ತರ ದಶಕದಲ್ಲಿ ನೇರ ಪ್ರಸಾರಕ್ಕೆ ವೀಕ್ಷಕರನ್ನು ಒಗ್ಗಿಸುತ್ತಿದ್ದಾಗ ಇವರು ಒಗ್ಗಿಸಲಿಲ್ಲ. ನಾಸ್ಕಾರ್ ತನ್ನ ಡೇಟೋನಾ 500 ರೇಸನ್ನು 1979ರಲ್ಲೇ ಸಿಬಿಎಸ್ ವಾಹಿನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ನೇರವಾಗಿ ತೋರಿಸಿತು. ಅಂದು ದೇಶದ ಪೂರ್ವ ಭಾಗದಲ್ಲಿ ಹಿಮ ಸುರಿದು ಜನ ಮನೆಯಿಂದ ಹೊರಬೀಳುವಂತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಡಿಕ್ಕಿ ಹೊಡೆದುಕೊಂಡು, ಕಾರಿನಿಂದಿಳಿದು ಕೈಕೈ ಮಿಲಾಯಿಸಿದರು. ಇದಕ್ಕಿಂತ ಒಳ್ಳೆಯ ಜಾಹೀರಾತು ಹಣ ಕೊಟ್ಟರೂ ಸಿಗುತ್ತಿರಲಿಲ್ಲ.

ಹಾಗಿದ್ದರೆ ಒಳ್ಳೆಯ ಕಾಲ ಯಾವುದು?

1986ರಿಂದ 1995ರವರೆಗೆ ಎಂದು ನಾನು ಹೇಳುತ್ತೇನೆ. ಸರಣಿಯನ್ನು ಆಗ ನಡೆಸುತ್ತಿದ್ದದ್ದು ತಂಡಗಳ ಮಾಲೀಕರೇ ಕಟ್ಟಿಕೊಂಡಿದ್ದ ಕಾರ್ಟ್ ಸಂಸ್ಥೆ. ಆಂಡ್ರೆಟ್ಟಿ, ಅನ್ಸರ್ ಮನೆತನಗಳು, ಬ್ರೆಜಿಲಿನ ಎಮರ್ಸನ್ ಫಿಟ್ಟಿಪಾಲ್ಡಿ, ರಿಕ್ ಮಿಯರ್ಸ್ ಇದ್ದರು. 1992ರ ಇಂಡಿ 500 ಕೇವಲ 0.043 ಸೆಕೆಂಡಿನಲ್ಲಿ ತೀರ್ಮಾನವಾಯಿತು. ಅದೇ ವರ್ಷ ಫಾರ್ಮುಲಾ ಒನ್ ಚಾಂಪಿಯನ್ ಆದ ನೈಜೆಲ್ ಮ್ಯಾನ್ಸೆಲ್ ಮರುವರ್ಷ ಅಲ್ಲಿಂದ ಇಲ್ಲಿಗೆ ಬಂದು, ಮೊದಲ ಪ್ರಯತ್ನದಲ್ಲೇ ಕಾರ್ಟ್ ಪ್ರಶಸ್ತಿ ಗೆದ್ದರು. ಈಗ ಆ ದಾರಿ ತಲೆಕೆಳಗಾಗಿದೆ. ಇಂಡಿಕಾರ್ ಚಾಲಕನಿಗೆ ಫಾರ್ಮುಲಾ ಒನ್ ಅವಕಾಶ ಸಿಕ್ಕರೆ ಸುದ್ದಿ, ಅಲ್ಲಿಂದ ಇಲ್ಲಿಗೆ ಬಂದರೆ ಸಮಾಧಾನದ ಬಹುಮಾನ.

ಎಲ್ಲವೂ ಚೆನ್ನಾಗಿದ್ದಾಗ ಕೆಟ್ಟದ್ದು ಹೇಗೆ?

ಮನೆ ಒಡೆಯಿತು. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ನಿಮಗಿದ್ದರೆ ಇದನ್ನೇ ಓದಿ.

ಇಂಡಿಯಾನಾಪೊಲಿಸ್ ಟ್ರ್ಯಾಕನ್ನು 1945ರಲ್ಲಿ ಕೊಂಡವರು ಟೋನಿ ಹಲ್‌ಮನ್. ಅವರ ಮೊಮ್ಮಗ ಟೋನಿ ಜಾರ್ಜ್ ಅವರಿಗೆ ಕಾರ್ಟ್ ಮಾಲೀಕರ ಯಜಮಾನಿಕೆ ಹಿಡಿಸಲಿಲ್ಲ. ಖರ್ಚು ಏರುತ್ತಿದೆ, ವಿದೇಶಿ ಚಾಲಕರು ತುಂಬಿಕೊಳ್ಳುತ್ತಿದ್ದಾರೆ, ಓವಲ್ ಟ್ರ್ಯಾಕುಗಳಲ್ಲಿ ಬೆಳೆದ ಅಮೆರಿಕದ ಹುಡುಗರಿಗೆ ಜಾಗವಿಲ್ಲ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಅವರು ಹಿಡಿದ ದಾರಿ ಇಂಡಿ ರೇಸಿಂಗ್ ಲೀಗ್ ಎಂಬ ಬೇರೆಯದೇ ಸರಣಿ. 1996ರಲ್ಲಿ ಅದು ಶುರುವಾಯಿತು. ಇಂಡಿ 500 ರೇಸಿನ 33 ಸ್ಥಾನಗಳಲ್ಲಿ 25 ಸ್ಥಾನ ಆ ಲೀಗಿನ ತಂಡಗಳಿಗೇ ಮೀಸಲು ಎಂಬ ನಿಯಮವೂ ಬಂತು.

ಕಾರ್ಟ್ ತಂಡಗಳು ಸಿಟ್ಟಿಗೆದ್ದು, ಅದೇ ದಿನ, 1996ರ ಮೇ 26ರಂದು, ಮಿಷಿಗನ್‌ನಲ್ಲಿ ಯುಎಸ್ 500 ಎಂಬ ಪ್ರತಿಸ್ಪರ್ಧಿ ರೇಸ್ ಇಟ್ಟವು. ಇಂಡಿ 500 ಎಬಿಸಿಯಲ್ಲಿ, ಯುಎಸ್ 500 ಇಎಸ್‌ಪಿಎನ್‌ನಲ್ಲಿ. ಎರಡೂ ಡಿಸ್ನಿಯ ಒಡೆತನದ ವಾಹಿನಿಗಳು ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಇಂಡಿ 500ರಲ್ಲಿ ಹೆಸರು ಕೇಳದ ಹೊಸಬರೇ ತುಂಬಿದ್ದಾರೆ, ಅಪಘಾತಗಳಾಗುತ್ತವೆ ಎಂದು ಹಂಗಿಸುತ್ತಿದ್ದ ಕಾರ್ಟ್ ಘಟಾನುಘಟಿಗಳು, ತಮ್ಮ ರೇಸಿನ ಹಸಿರು ಬಾವುಟ ಬೀಳುವ ಮೊದಲೇ ಒಬ್ಬರಿಗೊಬ್ಬರು ಗುದ್ದಿಕೊಂಡು ರಾಶಿಬಿದ್ದರು. ಬದಲಿ ಕಾರುಗಳನ್ನು ತಂದು ಮತ್ತೆ ಆರಂಭಿಸಬೇಕಾಯಿತು.

ಮನೆಯಲ್ಲಿ ಕೂತು ನೋಡುವವನ ಕಣ್ಣಿನಿಂದ ಯೋಚಿಸಿ. ಅವನಿಗೆ ಗೊತ್ತಿದ್ದ ಚಾಲಕರು ಒಂದು ಕಡೆ, ಗೊತ್ತಿದ್ದ ರೇಸ್ ಇನ್ನೊಂದು ಕಡೆ. ಎರಡೂ ಸರಣಿಗಳ ಕಾರು ನೋಡಲು ಹೆಚ್ಚುಕಡಿಮೆ ಒಂದೇ. ಯಾವುದು ಅಸಲಿ ಎಂದು ಯಾರೂ ಅವನಿಗೆ ಹೇಳಲಿಲ್ಲ. ಹೇಳಿದವರೂ ಬೈದಾಡುತ್ತಲೇ ಹೇಳಿದರು. ಅವನು ರಿಮೋಟ್ ಒತ್ತಿ ನಾಸ್ಕಾರ್ ನೋಡಿದ. ಅಲ್ಲಿ ಎಲ್ಲ ಚಾಲಕರೂ ಒಂದೇ ಕಡೆ ಇದ್ದರು.

ನಾಸ್ಕಾರ್‌ಗೆ ಇದರಿಂದ ನಿಜವಾಗಿಯೂ ಲಾಭವಾಯಿತೇ?

ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅದರಲ್ಲೂ ವಿಚಿತ್ರವೆಂದರೆ 1994ರಲ್ಲಿ ಇಂಡಿಯಾನಾಪೊಲಿಸ್ ಟ್ರ್ಯಾಕಿನ ಗೇಟನ್ನು ನಾಸ್ಕಾರ್‌ಗೆ ತೆರೆದವರೂ ಟೋನಿ ಜಾರ್ಜ್ ಅವರೇ. ಇಂಡಿಯಾನಾದಲ್ಲೇ ಬೆಳೆದ ಜೆಫ್ ಗಾರ್ಡನ್ ಆ ಮೊದಲ ರೇಸ್ ಗೆದ್ದರು. ಹಿಂದಿನ ಕಾಲವಾಗಿದ್ದರೆ ಅಂಥ ಹುಡುಗ ಇಂಡಿಕಾರ್ ಓಡಿಸುತ್ತಿದ್ದ.

2001ರಿಂದ ನಾಸ್ಕಾರ್ ತನ್ನ ಎಲ್ಲ ರೇಸುಗಳ ಹಕ್ಕನ್ನು ಒಟ್ಟುಗೂಡಿಸಿ ಸುಮಾರು 240 ಕೋಟಿ ಡಾಲರಿಗೆ ಮಾರಿತು. ಅದಕ್ಕೂ ಮೊದಲು ಪ್ರತಿ ಟ್ರ್ಯಾಕಿನವರೂ ತಮ್ಮ ಪಾಡಿಗೆ ಮಾರುತ್ತಿದ್ದರು. ಅದೇ ಹೊತ್ತಿಗೆ ಕಾರ್ಟ್ ಸಂಸ್ಥೆ ತನ್ನ ಕೊನೆಯ ವರ್ಷಗಳಲ್ಲಿ ವಾಹಿನಿಗಳಿಂದ ಸಮಯ ಕೊಂಡು ರೇಸ್ ತೋರಿಸುವ ಸ್ಥಿತಿಗೆ ಬಂದಿತ್ತು. ಒಬ್ಬರಿಗೆ ಟಿವಿಯವರು ಹಣ ಕೊಡುತ್ತಾರೆ, ಇನ್ನೊಬ್ಬರು ಟಿವಿಯವರಿಗೆ ಹಣ ಕೊಡುತ್ತಾರೆ.

ಕಾರ್ಟ್ ಏನಾಯಿತು?

1998ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಕಾಲಿಟ್ಟ ಸಂಸ್ಥೆ 2003ರ ಕೊನೆಗೆ ದಿವಾಳಿಯಾಯಿತು. ಪ್ರಾಯೋಜಕರಿಗೆ ಬೇಕಾದದ್ದು ಇಂಡಿ 500. 2000ದಲ್ಲಿ ಚಿಪ್ ಗನಾಸಿ ತಂಡ ಒಂದು ರೇಸಿನ ಮಟ್ಟಿಗೆ ಹಿಂದಿರುಗಿತು. ಅದರ ಹುಡುಗ ಹ್ವಾನ್ ಪಾಬ್ಲೊ ಮೊಂಟೋಯಾ 200ರಲ್ಲಿ 167 ಸುತ್ತು ಮುಂದಿದ್ದು ಗೆದ್ದ. 2002ರಲ್ಲಿ ಪೆನ್‌ಸ್ಕಿ ತಂಡ ಪೂರ್ತಿಯಾಗಿ ಲೀಗಿಗೆ ಹೋಯಿತು. ಮರುವರ್ಷ ಹೋಂಡಾ, ಟೊಯೋಟಾ ಎಂಜಿನ್‌ಗಳೂ ಹೋದವು. ಉಳಿದವರು ಚಾಂಪ್ ಕಾರ್ ಎಂಬ ಹೆಸರಿನಲ್ಲಿ 2007ರವರೆಗೆ ಎಳೆದರು.

2008ರಲ್ಲಿ ಇಬ್ಬರೂ ಒಂದಾದರಲ್ಲ, ಆಗ ಪ್ರಸಾರ ಸುಧಾರಿಸಬೇಕಿತ್ತಲ್ಲವೇ?

ಸುಧಾರಿಸಬೇಕಿತ್ತು. ಫೆಬ್ರುವರಿಯಲ್ಲಿ ಒಂದಾದದ್ದರಿಂದ ಎರಡು ಪಂಚಾಂಗಗಳನ್ನು ಹೊಂದಿಸಲು ಸಮಯವಿರಲಿಲ್ಲ. ಏಪ್ರಿಲಿನ ಒಂದೇ ವಾರಾಂತ್ಯದಲ್ಲಿ ಲೀಗಿನ ತಂಡಗಳು ಜಪಾನಿನ ಮೊಟೆಗಿಯಲ್ಲಿ, ಚಾಂಪ್ ಕಾರ್ ತಂಡಗಳು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಓಡಿದವು. ಮೊಟೆಗಿಯಲ್ಲಿ ಡ್ಯಾನಿಕಾ ಪ್ಯಾಟ್ರಿಕ್ ಗೆದ್ದರು. ಈ ದರ್ಜೆಯ ರೇಸನ್ನು ಮಹಿಳೆಯೊಬ್ಬರು ಗೆದ್ದದ್ದು ಅದೇ ಮೊದಲು. 2005ರ ಇಂಡಿ 500ರಲ್ಲಿ 19 ಸುತ್ತು ಮುಂದಿದ್ದು ನಾಲ್ಕನೆಯವರಾದಾಗಿನಿಂದ ಇಡೀ ದೇಶ ಕಾಯುತ್ತಿದ್ದ ಗೆಲುವು ಅದು. ಅಮೆರಿಕದಲ್ಲಿ ಆಗ ಮಧ್ಯರಾತ್ರಿ. ಅದನ್ನು ನೇರವಾಗಿ ನೋಡಿದವರು ಎಷ್ಟು ಮಂದಿ ಎಂದು ನೀವೇ ಊಹಿಸಿ.

ಅದಾದ ಮೇಲೆ ಅದೇ ಆಗಸ್ಟಿನಲ್ಲಿ ಇನ್ನೂ ದೊಡ್ಡ ಎಡವಟ್ಟು ಮಾಡಿಕೊಂಡರು. ಅದಕ್ಕೆ ಪ್ರತ್ಯೇಕ ಪ್ರಶ್ನೆಯೇ ಬೇಕು.

ವರ್ಸಸ್ ಎಂಬ ವಾಹಿನಿಯ ಹೆಸರು ಬಂದಾಗಲೆಲ್ಲ ಹಳೆಯ ಅಭಿಮಾನಿಗಳು ಮುಖ ಸಿಂಡರಿಸುವುದೇಕೆ?

2009ರಿಂದ ಹತ್ತು ವರ್ಷಕ್ಕೆ ಒಂದಾದ ಸರಣಿ, ಅಂದರೆ ಇಂಡಿಕಾರ್, ತನ್ನ ಹೆಚ್ಚಿನ ರೇಸುಗಳನ್ನು ವರ್ಸಸ್ ಎಂಬ ಕೇಬಲ್ ವಾಹಿನಿಗೆ ಕೊಟ್ಟಿತು. ಇಂಡಿ 500 ಮತ್ತು ಬೆರಳೆಣಿಕೆಯ ರೇಸುಗಳಷ್ಟೇ ಎಬಿಸಿಯಲ್ಲಿ ಉಳಿದವು. ಬೇಟೆ, ಮೀನು ಹಿಡಿಯುವುದು, ಐಸ್ ಹಾಕಿ, ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ತೋರಿಸುತ್ತಿದ್ದ ವಾಹಿನಿ ಅದು. ಇಎಸ್‌ಪಿಎನ್ ಸುಮಾರು ಹತ್ತು ಕೋಟಿ ಮನೆಗಳಲ್ಲಿ ಸಿಗುತ್ತಿದ್ದ ಕಾಲದಲ್ಲಿ ವರ್ಸಸ್ ಸಿಗುತ್ತಿದ್ದದ್ದು ಸುಮಾರು ಏಳೂವರೆ ಕೋಟಿ ಮನೆಗಳಲ್ಲಿ. ಸಿಗುವ ಮನೆಗಳಲ್ಲೂ ಅದರ ಚಾನೆಲ್ ಸಂಖ್ಯೆ ಎಷ್ಟೆಂದು ಹುಡುಕಬೇಕಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಒಪ್ಪಂದಕ್ಕೆ ಕಾರಣವಿತ್ತು. ಇಎಸ್‌ಪಿಎನ್ ಇವರನ್ನು ಮಲತಾಯಿಯಂತೆ ನೋಡುತ್ತಿತ್ತು. ಬೇರೆ ಆಟ ತಡವಾದರೆ ರೇಸಿನ ಸಮಯ ಬಲಿಯಾಗುತ್ತಿತ್ತು. ವರ್ಸಸ್ ಹೆಚ್ಚು ಗಂಟೆ ಕೊಟ್ಟಿತು, ರೇಸಿಗೆ ಮುಂಚಿನ ವಿಶೇಷ ಕಾರ್ಯಕ್ರಮ ಕೊಟ್ಟಿತು, ಬಲ್ಲವರನ್ನು ವಿವರಣೆಗೆ ಕೂರಿಸಿತು. ಪ್ರಸಾರದ ಗುಣಮಟ್ಟ ನಿಜಕ್ಕೂ ಮೇಲಾಯಿತು. ನೋಡುವವರು ಇರಲಿಲ್ಲ, ಅಷ್ಟೇ. ಊರಾಚೆ ಗುಡ್ಡದ ಮೇಲೆ ಒಳ್ಳೆಯ ಹೋಟೆಲ್ ತೆರೆದ ಹಾಗೆ.

ಸಾಲದ್ದಕ್ಕೆ ಮೊದಲ ವರ್ಷವೇ, 2009ರ ಸೆಪ್ಟೆಂಬರಿನಲ್ಲಿ, ಹಣದ ತಕರಾರಿನಿಂದ ಡೈರೆಕ್‌ಟಿವಿ ಎಂಬ ಡಿಶ್ ಸಂಸ್ಥೆ ವರ್ಸಸ್ ವಾಹಿನಿಯನ್ನೇ ತೆಗೆದುಹಾಕಿತು. ಮರಳಿ ಬಂದದ್ದು ಮುಂದಿನ ಮಾರ್ಚಿನಲ್ಲಿ. ಚಾಂಪಿಯನ್ ಯಾರೆಂದು ತೀರ್ಮಾನಿಸಿದ ಹೋಮ್‌ಸ್ಟೆಡ್ ರೇಸ್ ನಡುವೆ ಬಂತು. ಆ ಡಿಶ್ ಇದ್ದ ಮನೆಯ ಅಭಿಮಾನಿ ಇಡೀ ವರ್ಷ ಹಿಂಬಾಲಿಸಿ, ಕೊನೆಯ ದಿನ ಖಾಲಿ ಪರದೆ ನೋಡಿದ.

ವರ್ಸಸ್ ಮುಂದೆ ಎನ್‌ಬಿಸಿ ಆಯಿತಲ್ಲ?

ಹೌದು. ವರ್ಸಸ್ ಒಡೆಯರಾದ ಕಾಮ್‌ಕ್ಯಾಸ್ಟ್ 2011ರಲ್ಲಿ ಎನ್‌ಬಿಸಿಯನ್ನು ವಶಕ್ಕೆ ತೆಗೆದುಕೊಂಡಿತು. 2012ರ ಆರಂಭದಲ್ಲಿ ವರ್ಸಸ್ ಹೆಸರು ಎನ್‌ಬಿಸಿ ಸ್ಪೋರ್ಟ್ಸ್ ನೆಟ್‌ವರ್ಕ್ ಎಂದಾಯಿತು. ಬೋರ್ಡು ಬದಲಾಯಿತು, ವಿಳಾಸ ಬದಲಾಗಲಿಲ್ಲ. ಆ ಕೇಬಲ್ ವಾಹಿನಿಯನ್ನು 2021ರ ಕೊನೆಗೆ ಮುಚ್ಚಿದಾಗ ಹೆಚ್ಚಿನ ರೇಸುಗಳು ಎಲ್ಲರಿಗೂ ಉಚಿತವಾಗಿ ಸಿಗುವ ಮುಖ್ಯ ಎನ್‌ಬಿಸಿಗೆ ಬಂದವು. ಕೆಲವು ಪೀಕಾಕ್ ಎಂಬ ಹಣ ಕಟ್ಟಿ ನೋಡುವ ಆನ್‌ಲೈನ್ ವೇದಿಕೆಗೆ ಹೋದವು. 2022ರ ಟೊರಾಂಟೊ ರೇಸ್ ಅಮೆರಿಕದವರಿಗೆ ಅಲ್ಲಿ ಮಾತ್ರ ಸಿಕ್ಕಿತು.

ಇಂಡಿ 500 ರೇಸನ್ನು ಎಬಿಸಿ ಯಾವಾಗ ಕೈಬಿಟ್ಟಿತು?

2018ರಲ್ಲಿ ಕೊನೆಯ ಬಾರಿ ತೋರಿಸಿತು. 1965ರಿಂದ ಎಣಿಸಿದರೆ ಸತತ 54 ವರ್ಷ. ಕೊನೆಯ ಪ್ರಸಾರವನ್ನು ನೋಡಿದವರು ಸುಮಾರು 49 ಲಕ್ಷ. 2019ರಿಂದ ಎಲ್ಲ ರೇಸುಗಳೂ ಎನ್‌ಬಿಸಿ ಬಳಗಕ್ಕೆ.

ಸ್ವಂತ ಊರಿನಲ್ಲೇ ಇಂಡಿ 500 ನೇರವಾಗಿ ಕಾಣುವುದಿಲ್ಲ ಎನ್ನುತ್ತಾರೆ, ನಿಜವೇ?

ನಿಜ. ಹೊರಗಿನವರು ಇದನ್ನು ನಂಬುವುದೇ ಇಲ್ಲ. ಇಡೀ ದೇಶ ನೇರವಾಗಿ ನೋಡುವಾಗ ಇಂಡಿಯಾನಾಪೊಲಿಸ್ ಸುತ್ತಮುತ್ತಲಿನವರಿಗೆ ಮಾತ್ರ ಸಂಜೆಯವರೆಗೆ ತಡೆ. ಕಾರಣ ಮತ್ತದೇ, ಟಿಕೆಟ್ ಮಾರಾಟ. ಜಾತ್ರೆ ನಡೆಯುವ ಊರಿನವರಿಗೇ ತೇರು ಕಾಣದಂತೆ ಬೀದಿಗೆ ಪರದೆ ಕಟ್ಟಿದಂತೆ. ಅಲ್ಲಿನ ಜನ ಹಿತ್ತಿಲಲ್ಲಿ ಒಲೆ ಹಚ್ಚಿ, ಮಾಂಸ ಸುಡುತ್ತಾ, ರೇಡಿಯೊ ಕೇಳುವುದನ್ನೇ ಸಂಪ್ರದಾಯ ಮಾಡಿಕೊಂಡಿದ್ದಾರೆ. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ, ಆ ರೇಡಿಯೊ ವಿವರಣೆ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಊರಿನ ಮಕ್ಕಳಿಗೆ ಕಣ್ಣಾರೆ ನೋಡಲು ಸಿಗದ ಆಟ ಮುಂದಿನ ತಲೆಮಾರಿಗೆ ದಾಟುವುದು ಹೇಗೆ?

ಟಿಕೆಟ್ ಪೂರ್ತಿ ಮಾರಾಟವಾದ ವರ್ಷಗಳಲ್ಲಿ ತಡೆ ತೆಗೆದದ್ದುಂಟು. ನೂರನೆಯ ರೇಸ್ ನಡೆದ 2016ರಲ್ಲಿ ಹಾಗೂ 2025ರಲ್ಲಿ ತೆಗೆದರು. ಕೋವಿಡ್ ಕಾರಣ ಪ್ರೇಕ್ಷಕರಿಲ್ಲದೆ ಆಗಸ್ಟಿನಲ್ಲಿ ನಡೆದ 2020ರ ರೇಸಿಗೂ ತೆಗೆದರು. ಟಿಕೆಟ್ಟೇ ಇಲ್ಲದಿದ್ದರೆ ಯಾವ ಲೆಕ್ಕದಲ್ಲಿ ತಡೆಯುವುದು?

ಜಾಹೀರಾತುಗಳ ಕಾಟ ಅಷ್ಟೊಂದು ದೊಡ್ಡ ಕಾರಣವೇ?

ಕಾರಣವಲ್ಲ, ಗಾಯದ ಮೇಲಿನ ಬರೆ. ಕ್ರಿಕೆಟ್‌ನಲ್ಲಿ ಓವರ್ ಮುಗಿದಾಗ ಜಾಹೀರಾತು ಹಾಕಬಹುದು, ರೇಸಿನಲ್ಲಿ ಬಿಡುವೇ ಇಲ್ಲ. ಯಾವಾಗ ಹಾಕಿದರೂ ಯಾರೋ ಯಾರನ್ನೋ ದಾಟಿರುತ್ತಾರೆ. ಪರದೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ ಜಾಹೀರಾತು, ಇನ್ನೊಂದರಲ್ಲಿ ರೇಸ್ ತೋರಿಸುವ ಪದ್ಧತಿ 2005ರಲ್ಲಿ ಇಲ್ಲಿ ಬಂತು. ಸ್ವಲ್ಪ ಸಮಾಧಾನ. ಆದರೆ ಅದೇ ವೀಕ್ಷಕ ಇಎಸ್‌ಪಿಎನ್‌ನಲ್ಲಿ 2025ರವರೆಗೆ ಫಾರ್ಮುಲಾ ಒನ್ ರೇಸನ್ನು ಜಾಹೀರಾತಿನ ಅಡ್ಡಿಯಿಲ್ಲದೆ ನೋಡಿದ. ರುಚಿ ಹತ್ತಿದ ನಾಲಿಗೆಗೆ ಹಳೆಯದು ಒಗ್ಗುವುದು ಕಷ್ಟ.

ಫಾರ್ಮುಲಾ ಒನ್ ಅಮೆರಿಕದಲ್ಲಿ ಬೆಳೆದದ್ದರಿಂದ ಇಂಡಿಕಾರ್ ಸೊರಗಿತು ಎನ್ನಬಹುದೇ?

ಬೇಡ. ಇಂಡಿಕಾರ್ ಸೊರಗಿದ್ದು ಅದಕ್ಕಿಂತ ಬಹಳ ಮೊದಲು. ಆಸ್ಟಿನ್‌ಗೆ 2012ರಲ್ಲಿ, ಮಯಾಮಿಗೆ 2022ರಲ್ಲಿ, ಲಾಸ್ ವೇಗಸ್‌ಗೆ 2023ರಲ್ಲಿ ಫಾರ್ಮುಲಾ ಒನ್ ಬಂದಾಗ ಖಾಲಿ ಬಿದ್ದ ಜಾಗದಲ್ಲಿ ಬಂದು ಕೂತಿತು. ಅದು ಕಲಿಸಿದ ಪಾಠ ಬೇರೆ. ಜನರಿಗೆ ಕಾರಿಗಿಂತ ಚಾಲಕರ ಮುಖ, ಸಿಟ್ಟು, ಸಣ್ಣತನ ಬೇಕು. ಮ್ಯಾನ್ಸೆಲ್ ಕಾಲದಲ್ಲಿ ಇಂಡಿಕಾರಿಗೆ ಇದು ಗೊತ್ತಿತ್ತು. ನಡುವೆ ಎಲ್ಲೋ ಮರೆತರು.

ಈಗ ಸ್ಥಿತಿ ಹೇಗಿದೆ?

ಟ್ರ್ಯಾಕ್ ಮತ್ತು ಸರಣಿ ಎರಡನ್ನೂ 2020ರ ಜನವರಿಯಲ್ಲಿ ರೋಜರ್ ಪೆನ್‌ಸ್ಕಿ ಸಂಸ್ಥೆ ಕೊಂಡಿತು. 2025ರಿಂದ ಪ್ರಸಾರ ಫಾಕ್ಸ್ ವಾಹಿನಿಗೆ. ಆ ವರ್ಷದ 17 ರೇಸುಗಳೂ ಉಚಿತ ವಾಹಿನಿಯಲ್ಲೇ ಬಂದವು. ಇಷ್ಟು ವರ್ಷಗಳಲ್ಲಿ ಇದು ಮೊದಲು. ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ನಡುವೆ ಚಾಲಕರ ಮುಖ ತೋರಿಸುವ ಜಾಹೀರಾತುಗಳೂ ಬಂದವು. ಅಲೆಕ್ಸ್ ಪಲೋ ಗೆದ್ದ ಆ ವರ್ಷದ ಇಂಡಿ 500 ನೋಡಿದವರು ಸುಮಾರು 70 ಲಕ್ಷ. ಹಿಂದಿನ ವರ್ಷ, ಮಳೆಯಿಂದ ತಡವಾದ ರೇಸ್ ನೋಡಿದ್ದವರು ಸುಮಾರು 50 ಲಕ್ಷ. ಜುಲೈನಲ್ಲಿ ಫಾಕ್ಸ್ ಸಂಸ್ಥೆ, ಟ್ರ್ಯಾಕ್ ಮತ್ತು ಸರಣಿಯ ಒಡೆತನ ಹೊಂದಿದ ಪೆನ್‌ಸ್ಕಿ ಎಂಟರ್‌ಟೈನ್‌ಮೆಂಟ್‌ನ ಮೂರನೆಯ ಒಂದು ಪಾಲನ್ನೇ ಕೊಂಡಿತು. ತೋರಿಸುವವನೇ ಪಾಲುದಾರನಾದರೆ ರೇಸನ್ನು ಮೂಲೆಗೆ ತಳ್ಳುವುದು ಅವನಿಗೇ ನಷ್ಟ.

ಆದರೂ ಬೀಗುವ ಕಾಲ ಬಂದಿಲ್ಲ. ಅದೇ ವರ್ಷದ ಏಪ್ರಿಲಿನ ಲಾಂಗ್ ಬೀಚ್ ರೇಸ್, ಇಂಡಿ 500ರ ನಂತರ ಈ ಸರಣಿಯ ಅತಿ ದೊಡ್ಡ ಹೆಸರು, ಮಾಸ್ಟರ್ಸ್ ಗಾಲ್ಫಿನ ಕೊನೆಯ ದಿನದ ಎದುರು ಬಿದ್ದು ಸುಮಾರು ಐದೂವರೆ ಲಕ್ಷ ವೀಕ್ಷಕರಿಗೆ ತೃಪ್ತಿಪಟ್ಟುಕೊಂಡಿತು. ಅದಕ್ಕೂ ಮುಂಚಿನ ಥರ್ಮಲ್ ಕ್ಲಬ್ ರೇಸಿನಲ್ಲಿ ವಿದ್ಯುತ್ ಕೈಕೊಟ್ಟು ಪ್ರಸಾರವೇ ಕೆಲಹೊತ್ತು ನಿಂತಿತು. ವರ್ಷಕ್ಕೊಮ್ಮೆ ತೇರಿಗೆ ಬರುವ ಜನ ಉಳಿದ ದಿನಗಳಲ್ಲೂ ದೇವಸ್ಥಾನಕ್ಕೆ ಬರುವಂತೆ ಮಾಡುವುದು ಫಾಕ್ಸ್‌ಗೆ ಇನ್ನೂ ಸಾಧ್ಯವಾಗಿಲ್ಲ.

ನಮ್ಮೂರಿನಲ್ಲಿ ಕೂತು ಇಂಡಿ 500 ನೋಡುವುದಾದರೆ ಎಷ್ಟು ಹೊತ್ತಿಗೆ?

ಮೇ ತಿಂಗಳ ಕೊನೆಯ ಸೋಮವಾರ ಅವರಿಗೆ ಮೆಮೋರಿಯಲ್ ಡೇ ರಜೆ. ಅದರ ಹಿಂದಿನ ಭಾನುವಾರ ರೇಸ್. ಅಲ್ಲಿ ಮಧ್ಯಾಹ್ನ ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಹಸಿರು ಬಾವುಟ ಬಿದ್ದರೆ ಬೆಂಗಳೂರಿನಲ್ಲಿ ರಾತ್ರಿ ಹತ್ತೂಕಾಲು. ಎಲ್ಲ ಸರಿಯಾಗಿ ನಡೆದರೆ ಒಂದೂವರೆಗೆ ಮುಗಿಯುತ್ತದೆ. ಮಳೆ ಬಂದರೆ ಕಾರುಗಳು ಓವಲ್ ಟ್ರ್ಯಾಕಿಗೆ ಇಳಿಯುವುದೇ ಇಲ್ಲ, ಟ್ರ್ಯಾಕ್ ಒಣಗುವವರೆಗೆ ಕಾಯಬೇಕು. ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗುವವರು ಇಂಡಿಯಾನಾದ ಹವಾಮಾನವನ್ನು ಶನಿವಾರವೇ ನೋಡಿಟ್ಟುಕೊಳ್ಳಿ.